ಏಲಕ್ಕಿ ಹೂವಿದೆ, ಕಾಯಿ ಇಲ್ಲ: ದೋಷ ತೋಟದಲ್ಲೋ, ಬೆಟ್ಟದಲ್ಲೋ?

ಬೆಳಗ್ಗೆ ತೋಟಕ್ಕೆ ಇಳಿದರೆ ಏಲಕ್ಕಿ ಬುಡದ ಸುತ್ತ ಬಿಳಿ ಹೂವು. ಒಳಗೆ ನೇರಳೆ ಗೆರೆ. ನೋಡಿ ಖುಷಿಯಾಗುತ್ತದೆ. ಮರುದಿನ ಅದೇ ಹೂ ಬಾಡಿ ನೆಲಕ್ಕೆ ಬಿದ್ದಿರುತ್ತದೆ. ವಾರ ಕಳೆದರೂ ಗೊಂಚಲಿನಲ್ಲಿ ಅಲ್ಲೊಂದು ಇಲ್ಲೊಂದು ಕಾಯಿ, ಉಳಿದದ್ದು ಬರಿ ಕಡ್ಡಿ. ಹೊಸನಗರ ಕಡೆಯ ನಮ್ಮ ತೋಟದಲ್ಲಿ ಸತತ ಮೂರು ವರ್ಷ ಹೀಗೇ ಆಯಿತು.

ಮೊದಲ ವರ್ಷ ಗೊಬ್ಬರ ಕಡಿಮೆಯಾಯಿತು ಅಂದುಕೊಂಡು ಗೊಬ್ಬರ ಹಾಕಿದೆ. ಎರಡನೇ ವರ್ಷ ಜೇನು ಕಡಿಮೆ ಅಂದುಕೊಂಡು ಎರಡು ಪೆಟ್ಟಿಗೆ ತಂದಿಟ್ಟೆ. ಆಗಸ್ಟ್ ಬರುವಷ್ಟರಲ್ಲಿ ಎರಡೂ ಪೆಟ್ಟಿಗೆ ಖಾಲಿ. ಮೂರನೇ ವರ್ಷ ದುಡ್ಡು ಖರ್ಚು ಮಾಡುವುದನ್ನು ನಿಲ್ಲಿಸಿ, ಒಂದೊಂದೇ ಕಾರಣವನ್ನು ಪರೀಕ್ಷೆ ಮಾಡಿ ಬಿಡುತ್ತಾ ಹೋದೆ. ದೋಷ ಸಿಕ್ಕಿದ್ದು ತೋಟದೊಳಗೆ ಅಲ್ಲ, ಮೇಲಿನ ಸೊಪ್ಪಿನಬೆಟ್ಟದಲ್ಲಿ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನಲ್ಲಿ. ಅಲ್ಲಿಗೆ ತಲುಪಿದ ದಾರಿಯನ್ನು ಇಲ್ಲಿ ಬರೆದಿದ್ದೇನೆ. ಸಾಗರ, ತೀರ್ಥಹಳ್ಳಿ, ಸೊರಬ, ಕೊಪ್ಪ, ಶೃಂಗೇರಿ ಎಲ್ಲಿಯವರಾದರೂ ಈ ಕ್ರಮದಲ್ಲೇ ನೋಡಬಹುದು. ಕ್ರಮ ಮಾತ್ರ ತಪ್ಪಿಸಬೇಡಿ. ನಾನು ಕಳೆದುಕೊಂಡ ಎರಡು ವರ್ಷ ಕ್ರಮ ತಪ್ಪಿದ್ದಕ್ಕೇ.

ಏಲಕ್ಕಿಯನ್ನೇ ಯಾಕೆ ನೋಡಬೇಕು

ನಮ್ಮ ತೋಟದ ಎಲ್ಲ ಬೆಳೆಗೂ ಹುಳು ಬೇಕಿಲ್ಲ. ಅಡಿಕೆ ಸಿಂಗಾರಕ್ಕೆ ಜೇನು ಬರುತ್ತದೆ ನಿಜ, ಆದರೆ ಪರಾಗ ಮುಟ್ಟಿಸುವ ಕೆಲಸ ಹೆಚ್ಚಾಗಿ ಗಾಳಿಯದ್ದು. ಕಾಳುಮೆಣಸು ತನ್ನ ತೆನೆಯಲ್ಲೇ, ಮಳೆನೀರಿನ ಸಹಾಯದಿಂದ ಕಾಳು ಕಟ್ಟಿಕೊಳ್ಳುತ್ತದೆ. ಹಾಗಾಗಿ ಮೇಲಿನ ಕಾಡು ಅರ್ಧ ಹೋದರೂ ಅಡಿಕೆ, ಮೆಣಸು ನಮಗೆ ಬೇಗ ಏನೂ ಹೇಳುವುದಿಲ್ಲ. ಫಸಲು ಬರುತ್ತಲೇ ಇರುತ್ತದೆ, ನಾವು ನೆಮ್ಮದಿಯಾಗಿರುತ್ತೇವೆ.

ಏಲಕ್ಕಿ ಹಾಗಲ್ಲ. ಅದರ ಹೂವಿನಲ್ಲಿ ಶಲಾಕೆಯ (ಪರಾಗ ಹಿಡಿಯುವ ಹೆಣ್ಣು ಭಾಗದ) ತುದಿ ಪರಾಗದ ಚೀಲಕ್ಕಿಂತ ಮೇಲೆ ಇರುತ್ತದೆ. ಪರಾಗ ತಾನಾಗಿ ಅಲ್ಲಿಗೆ ಹತ್ತುವುದಿಲ್ಲ. ಒಂದು ಹುಳು ತುಟಿಯಂಥ ದಳದ ಮೇಲೆ ಕೂತು ಒಳಗೆ ನುಗ್ಗಬೇಕು, ಬೆನ್ನಿಗೆ ಪರಾಗ ಹಚ್ಚಿಕೊಂಡು ಇನ್ನೊಂದು ಹೂವಿಗೆ ಹೋಗಬೇಕು. ಹೂವಿನ ಆಯುಸ್ಸು ಒಂದೇ ದಿನ. ನಸುಕಿನಲ್ಲಿ ಅರಳಿ ಸಂಜೆಗೆ ಬಾಡುತ್ತದೆ. ಬೆಳಗ್ಗೆ ಎಂಟರಿಂದ ಹನ್ನೊಂದರ ಒಳಗೆ ಹುಳು ಬರಲಿಲ್ಲ ಅಂದರೆ ಆ ಹೂವಿನ ಕಥೆ ಮುಗಿದ ಹಾಗೆಯೇ. ಕಾಡಿನಲ್ಲಾದ ಬದಲಾವಣೆಯನ್ನು ತೋಟದಲ್ಲೇ ತೋರಿಸುವ ಗಿಡ ಇದು.

ಏಲಕ್ಕಿ ಇಲ್ಲದವರು ಕುಂಬಳ, ಹೀರೆ, ಸೌತೆಯನ್ನು ನೋಡಬಹುದು. ಪಿಂದೆ ಹಳದಿಯಾಗಿ ಉದುರುತ್ತಿದ್ದರೆ ಅದೂ ಇದೇ ಜಾತಿಯ ದೂರು ಆಗಿರಬಹುದು.

ಮೊದಲು ಗಿಡದ ದೋಷ ಕಳೆಯಿರಿ

ಬೆಟ್ಟವನ್ನು ದೂರುವ ಮೊದಲು ಗಿಡವನ್ನು ನೋಡಬೇಕು. ಇದಕ್ಕೆ ಒಂದು ಬೆಳಗ್ಗೆ ಸಾಕು.

ಎಲೆ ಬೆಳಕಿಗೆ ಹಿಡಿದು ನೋಡಿ. ನಡುನರದಿಂದ ಅಂಚಿನವರೆಗೆ ತಿಳಿ ಹಸಿರು ಗೀಟು ಗೀಟಾಗಿದ್ದರೆ ಅದು ಕಟ್ಟೆ ರೋಗ. ಅಂಥ ಬುಡ ಕಿತ್ತು ಸುಡಬೇಕು, ಅದರಲ್ಲಿ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ. ಇರುವ ಕಾಯಿಗಳ ಮೈಮೇಲೆ ಕಜ್ಜಿಯಂತೆ ಒರಟು ಕಲೆ ಇದ್ದರೆ ಥ್ರಿಪ್ಸ್ ನುಸಿ. ಅದು ಹೂವನ್ನೂ ಉದುರಿಸುತ್ತದೆ. ಕಾಯಿ ಕಟ್ಟಿ, ಆಮೇಲೆ ನೀರು ತುಂಬಿದಂತಾಗಿ ಕೊಳೆತು ವಾಸನೆ ಬಂದರೆ ಅದು ಕೊಳೆ. ಅಲ್ಲಿ ಹುಳು ತನ್ನ ಕೆಲಸ ಮಾಡಿದೆ, ಕೆಡಿಸಿದ್ದು ಶಿಲೀಂಧ್ರ. ಬೇಸಿಗೆಯಲ್ಲಿ ನೀರಿಲ್ಲದೆ ಸೊರಗಿದ ಬುಡವೂ ಸರಿಯಾಗಿ ಕಾಯಿ ಕಚ್ಚುವುದಿಲ್ಲ.

ಇವು ಯಾವುವೂ ಇಲ್ಲ, ಗಿಡ ಹಸಿರಾಗಿದೆ, ಹೂ ಧಾರಾಳ, ಆದರೂ ಕಾಯಿ ಇಲ್ಲ ಅಂದರೆ ಮುಂದೆ ಹೋಗಿ.

ದಾರ ಕಟ್ಟುವ ಪರೀಕ್ಷೆ

ಈ ಪರೀಕ್ಷೆಗೆ ಬೇಕಾದದ್ದು ಮೂರು ಬಣ್ಣದ ಹೊಲಿಗೆ ದಾರ, ಹಳೆ ಸೊಳ್ಳೆ ಪರದೆಯ ತುಂಡು, ಒಂದು ಹಲ್ಲುಕಡ್ಡಿ. ಖರ್ಚೇ ಇಲ್ಲ, ಆದರೆ ಇಡೀ ತನಿಖೆಯಲ್ಲಿ ಇದಕ್ಕಿಂತ ಮುಖ್ಯವಾದ ಹೆಜ್ಜೆ ಬೇರೆ ಇಲ್ಲ.

ಮಳೆ ಬಿಟ್ಟ ಒಂದು ಬೆಳಗ್ಗೆ ಎಂಟು ಗಂಟೆಗೆ ಹೋಗಿ. ಅವತ್ತೇ ಅರಳಿದ 20 ಹೂವಿಗೆ ಕೆಂಪು ದಾರ ಕಟ್ಟಿ. ಇವುಗಳಿಗೆ ನೀವೇ ಪರಾಗ ಮುಟ್ಟಿಸಬೇಕು. ಬೇರೆ ಬುಡದ ಹೂವಿನಿಂದ ಹಲ್ಲುಕಡ್ಡಿಯಲ್ಲಿ ಪರಾಗ ತೆಗೆದು ಶಲಾಕೆಯ ತುದಿಗೆ ಮೆಲ್ಲಗೆ ಸವರಿದರೆ ಆಯಿತು. ಇನ್ನು 20 ಹೂವಿಗೆ ಬಿಳಿ ದಾರ ಕಟ್ಟಿ ಸುಮ್ನೆ ಬಿಡಿ. ಹಿಂದಿನ ಸಂಜೆಯೇ ಒಂದೆರಡು ಗೊಂಚಲಿಗೆ ಪರದೆ ಸುತ್ತಿಟ್ಟು, ಅಲ್ಲಿ ಅರಳಿದ ಹೂವಿಗೆ ಕಪ್ಪು ದಾರ ಕಟ್ಟಿ. ಅಲ್ಲಿಗೆ ಯಾವ ಹುಳುವೂ ಹೋಗಬಾರದು. ವಾರ, ಹತ್ತು ದಿನ ಬಿಟ್ಟು ನೋಡಿದರೆ ಕಚ್ಚಿದ ಹೂವಿನ ಬುಡ ಹಸಿರಾಗಿ ಉಬ್ಬಿರುತ್ತದೆ.

ಕೆಂಪು ದಾರದಲ್ಲೂ ಕಾಯಿ ಇಲ್ಲದಿದ್ದರೆ ದೋಷ ಗಿಡದಲ್ಲೋ ಮಣ್ಣಿನಲ್ಲೋ ಇದೆ. ಮಣ್ಣು ಪರೀಕ್ಷೆ ಮಾಡಿಸಿ, ಈ ಬರಹವನ್ನು ಇಲ್ಲಿಗೇ ಬಿಡಿ. ಕೆಂಪು, ಬಿಳಿ ಎರಡರಲ್ಲೂ ಚೆನ್ನಾಗಿ ಕಚ್ಚಿದ್ದರೆ ಹುಳುವಿಗೆ ಕೊರತೆಯಿಲ್ಲ. ಕಾಯಿ ಆಮೇಲೆ ಉದುರುತ್ತಿದೆ, ಕೊಳೆ ಮತ್ತು ನುಸಿಯನ್ನು ಮತ್ತೆ ನೋಡಿ. ಕೆಂಪಿನಲ್ಲಿ ಕಾಯಿ ಇದೆ, ಬಿಳಿಯಲ್ಲಿ ಇಲ್ಲ ಅಂದರೆ ಹುಳು ಬರುತ್ತಿಲ್ಲ.

ನನ್ನಲ್ಲಿ ಕೆಂಪು ದಾರದ ಮುಕ್ಕಾಲು ಪಾಲು ಹೂವು ಕಚ್ಚಿತ್ತು. ಬಿಳಿ ದಾರದಲ್ಲಿ ಬೆರಳೆಣಿಕೆಯಷ್ಟು. ಪರದೆಯೊಳಗೆ ಒಂದೂ ಇಲ್ಲ. ಬಿಳಿ ದಾರದ ಗೊಂಚಲು ಹೆಚ್ಚುಕಡಿಮೆ ಪರದೆ ಸುತ್ತಿದ ಗೊಂಚಲಿನ ಹಾಗೇ ಕಾಣುತ್ತಿತ್ತು. ಇಡೀ ತೋಟಕ್ಕೇ ಯಾರೋ ಪರದೆ ಕಟ್ಟಿದ ಹಾಗೆ. ಆ ದಿನ ಹೊಟ್ಟೆಯಲ್ಲಿ ಏನೋ ಒಂಥರಾ ಆಯಿತು.

ಮಳೆಯ ಪಾಲೆಷ್ಟು

ನಮ್ಮ ಸೀಮೆಯ ಮಳೆ ಎಂಥದ್ದು ಅಂತ ಹೇಳಬೇಕಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೇಲೆ. ಜುಲೈಯಲ್ಲಿ ವಾರಗಟ್ಟಲೆ ಜಡಿ ಹಿಡಿದರೆ ಜೇನು ಗೂಡಿನಿಂದ ಹೊರಗೆ ಬರುವುದೇ ಇಲ್ಲ. ಆ ವಾರದ ಹೂವು ಹಾಳಾಗುವುದು ಸಹಜ, ಅದು ಕಾಡಿನ ತಪ್ಪಲ್ಲ. ಅದಕ್ಕೇ ಹೊಳವಾದ ದಿನಗಳ ಹೂವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಮಳೆ ಬಿಟ್ಟು ಬಿಸಿಲು ಬಿದ್ದ ಬೆಳಗ್ಗೆಯೂ ಹುಳು ಇಲ್ಲದಿದ್ದರೆ ಮಾತ್ರ ಅದು ದೋಷ.

ಹತ್ತು ನಿಮಿಷದ ಎಣಿಕೆ

ಹೊಳವಾದ ಐದು ಬೆಳಗ್ಗೆ, ಎಂಟೂವರೆಯ ಹೊತ್ತಿಗೆ, ಒಂದೇ ಬುಡದ ಎದುರು ಹತ್ತು ನಿಮಿಷ ಕೂರಿ. ಮೊಬೈಲ್ ಜೇಬಿನಲ್ಲಿರಲಿ. ಹೂವಿನೊಳಗೆ ತಲೆ ಹಾಕಿದ ಹುಳುವನ್ನು ಮಾತ್ರ ಎಣಿಸಿ, ಹಾರಿ ಹೋದದ್ದು ಲೆಕ್ಕಕ್ಕಿಲ್ಲ.

ಯಾವ ಹುಳು ಅಂತಲೂ ಬರೆದುಕೊಳ್ಳಿ. ಏಲಕ್ಕಿಗೆ ಮುಖ್ಯವಾಗಿ ಬರುವುದು ಪೆಟ್ಟಿಗೆಯಲ್ಲೂ ಸಾಕುವ ತುಡುವೆ ಜೇನು. ಸಣ್ಣ ಕಪ್ಪು ಮಿಸರಿ ಜೇನೂ ಬರುತ್ತದೆ. ಹೆಜ್ಜೇನು ಒಳ್ಳೆ ಕೆಲಸಗಾರ, ಆದರೆ ಮಳೆಗಾಲ ಗಟ್ಟಿಯಾಗುವ ಮೊದಲೇ ಅದರ ಬಹುಪಾಲು ಗೂಡು ಘಟ್ಟ ಬಿಟ್ಟು ಹೊರಟಿರುತ್ತದೆ. ಹಾಗಾಗಿ ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಏಲಕ್ಕಿ ನಿಂತಿರುವುದು ಊರಲ್ಲೇ ಉಳಿಯುವ ತುಡುವೆ, ಮಿಸರಿ ಮತ್ತೆ ಒಂಟಿಯಾಗಿ ಬದುಕುವ ಕಾಡುದುಂಬಿಗಳ ಮೇಲೆ.

ಇದೇ ಎಣಿಕೆಯನ್ನು ಬೇರೆಯವರ ತೋಟದಲ್ಲೂ ಮಾಡಿ. ನನಗೆ ದಾರಿ ತೋರಿಸಿದ್ದೇ ಇದು. ನಮ್ಮಿಂದ ಒಂದೂವರೆ ಕಿಲೋಮೀಟರ್ ಆಚೆ ಒಬ್ಬ ಹಿರಿಯ ಗೌಡರ ತೋಟವಿದೆ. ಅದೇ ತಳಿ, ಅದೇ ಮಳೆ, ಗೊಬ್ಬರ ನನಗಿಂತ ಕಡಿಮೆ. ಅಲ್ಲಿ ಕೂತ ಹತ್ತು ನಿಮಿಷದಲ್ಲಿ ಬೆರಳು ಮಡಚಿ ಮುಗಿಯಲಿಲ್ಲ.

“ಗೌಡ್ರೇ, ಜೇನು ಪೆಟ್ಟಿಗೆ ಎಷ್ಟಿಟ್ಟಿದ್ದೀರಿ?” ಅಂತ ಕೇಳಿದೆ.

“ಪೆಟ್ಟಿಗೆ ಎಲ್ಲಿಂದ ಬಂತು ಮಾರಾಯಾ? ಮೇಲೆ ಕಾನು ಇದೆಯಲ್ಲ” ಅಂದರು. ಕಾನು ಅಂದರೆ ಹಳೆಯ ದಟ್ಟ ಕಾಡಿನ ತುಂಡು.

ಪೆಟ್ಟಿಗೆ ಇಟ್ಟ ನನ್ನ ತೋಟದಲ್ಲಿ ಜೇನಿಲ್ಲ, ಪೆಟ್ಟಿಗೆಯೇ ಇಲ್ಲದ ಅವರ ತೋಟದಲ್ಲಿ ಜೇನಿದೆ. ಎರಡಕ್ಕೂ ಇದ್ದ ವ್ಯತ್ಯಾಸ ಮೇಲಿನ ಕಾಡು ಒಂದೇ.

ಹುಳು ಯಾಕಿಲ್ಲ: ಮೂರು ಸಂಶಯ

ಆದರೂ ಕೂಡಲೇ ಕಾಡಿಗೆ ಹೋಗಬೇಡಿ. ಮಧ್ಯೆ ಇನ್ನೂ ಮೂರು ಸಂಶಯ ಇವೆ.

ವಿಷ. ಅಕ್ಕಪಕ್ಕ ಯಾರಾದರೂ ಬೆಳಗಿನ ಹೊತ್ತು ಕೀಟನಾಶಕ ಹೊಡೆಯುತ್ತಾರಾ ವಿಚಾರಿಸಿ. ಗದ್ದೆ, ಬ್ಯಾಣ (ಹುಲ್ಲುಗಾವಲು) ಗುತ್ತಿಗೆಗೆ ಪಡೆದು ಶುಂಠಿ ಹಾಕಿದ ಕಡೆ ಔಷಧಿ ಜಾಸ್ತಿ ಬೀಳುತ್ತದೆ. ಪೆಟ್ಟಿಗೆ ಇದ್ದರೆ ಗುರುತಿಸುವುದು ಸುಲಭ. ಒಂದೇ ದಿನ ಬಾಗಿಲ ಮುಂದೆ ರಾಶಿ ಹುಳು ಸತ್ತು ಬಿದ್ದಿದ್ದರೆ, ಕೆಲವು ನಾಲಗೆ ಚಾಚಿಕೊಂಡು ಸತ್ತಿದ್ದರೆ ವಿಷದ ಸಂಶಯ ಪಡಿ. ಕಳೆನಾಶಕ ಹುಳುವನ್ನು ಹಾಗೆ ಎದುರೆದುರೇ ಕೊಲ್ಲುವುದಿಲ್ಲ, ಆದರೆ ಅಗಳಿನ (ಕಂದಕದ) ಬದಿಯ ತುಂಬೆ, ಮುಟ್ಟಿದರೆ ಮುನಿ ಎಲ್ಲವನ್ನೂ ಸುಟ್ಟು ಮಳೆಗಾಲದ ಊಟವನ್ನೇ ತೆಗೆದುಬಿಡುತ್ತದೆ. ಇದನ್ನು ನಾನು ಐದು ವರ್ಷ ಮಾಡಿದ್ದೆ. ಈಗ ನೆನೆಸಿಕೊಂಡರೆ ಬೇಸರವಾಗುತ್ತದೆ.

ಕಾಯಿಲೆ. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ದಕ್ಷಿಣ ಭಾರತದ ತುಡುವೆ ಜೇನನ್ನು ಗುಡಿಸಿ ಹಾಕಿತು. ನಮ್ಮ ಕಡೆಯ ಹಳೆ ಜೇನು ಸಾಕಣೆಗಾರರಿಗೆ ಆ ವರ್ಷಗಳು ಚೆನ್ನಾಗಿ ನೆನಪಿವೆ. ಇವತ್ತಿಗೂ ಅದು ಆಗಾಗ ತಲೆ ಎತ್ತುತ್ತದೆ. ಗೂಡಿನ ಮೇಣದ ಎರಿ ತೆಗೆದು ನೋಡಿ. ಮರಿಹುಳು ತಲೆ ಮೇಲೆತ್ತಿ ದೋಣಿಯ ಮೂತಿಯ ಹಾಗೆ ಸತ್ತಿದ್ದರೆ, ಚಿಮಟದಲ್ಲಿ ಎತ್ತಿದಾಗ ನೀರು ತುಂಬಿದ ಪುಟ್ಟ ಚೀಲದಂತೆ ಜೋಲುತ್ತಿದ್ದರೆ ಅದೇ ಕಾಯಿಲೆ. ಇದಕ್ಕೆ ಔಷಧಿ ಇಲ್ಲ. ಆ ಎರಿಯನ್ನು ಬೇರೆ ಪೆಟ್ಟಿಗೆಗೆ ಹಾಕಬೇಡಿ. ತಾನಾಗಿ ಚೇತರಿಸಿಕೊಂಡ ಗಟ್ಟಿ ಕುಟುಂಬದಿಂದಲೇ ಮುಂದೆ ಪಾಲು ಮಾಡಿ.

ಬೇರೆ ಊಟದ ಆಸೆ. ಕೆಲವೊಮ್ಮೆ ಹುಳು ಇರುತ್ತದೆ, ನಮ್ಮ ಹೂವಿಗೆ ಬರುವುದಿಲ್ಲ. ಪಕ್ಕದಲ್ಲಿ ಇನ್ನೂ ರುಚಿಯಾದದ್ದು ಅರಳಿರುತ್ತದೆ. ಹಾಗಿದ್ದರೆ ಒಂದೆರಡು ವಾರದಲ್ಲಿ ತಾನಾಗಿ ಸರಿಯಾಗುತ್ತದೆ.

ನನ್ನ ಖಾಲಿ ಪೆಟ್ಟಿಗೆಯಲ್ಲಿ ಸತ್ತ ಹುಳುವಿರಲಿಲ್ಲ. ಕೊಳೆತ ಮರಿ ಇರಲಿಲ್ಲ. ಒಂದು ಹನಿ ಜೇನುತುಪ್ಪವೂ ಇರಲಿಲ್ಲ, ಪರಾಗವೂ ಇರಲಿಲ್ಲ. ಎರಿ ಒಣಗಿ ಹಗುರಾಗಿತ್ತು. ಹಸಿದು ಗೂಡು ಬಿಟ್ಟು ಹೋಗಿದ್ದವು. ಅವು ಬಿಟ್ಟು ಹೋದ ಆ ಎರಿಯನ್ನು ನಾನು ಒಂದು ವರ್ಷ ಮೊದಲೇ ಸರಿಯಾಗಿ ನೋಡಿದ್ದರೆ ಉತ್ತರ ಆಗಲೇ ಸಿಗುತ್ತಿತ್ತು.

ಈಗ ಬೆಟ್ಟ ಹತ್ತಿ

ತುಡುವೆ ಜೇನು ಊಟ ಹುಡುಕಿಕೊಂಡು ಸಾಮಾನ್ಯವಾಗಿ ಒಂದು, ಒಂದೂವರೆ ಕಿಲೋಮೀಟರ್ ಒಳಗೆ ಓಡಾಡುತ್ತದೆ. ಮಿಸರಿಯದ್ದು ಇನ್ನೂ ಸಣ್ಣ ಸೀಮೆ, ಕೆಲವು ನೂರು ಮೀಟರ್. ಗೌಡರ ಕಾನಿನ ಜೇನು ನನ್ನ ತೋಟಕ್ಕೆ ಯಾಕೆ ಬರಲಿಲ್ಲ ಅಂತ ಇದರಲ್ಲೇ ಗೊತ್ತಾಗುತ್ತದೆ. ನಿಮ್ಮ ತೋಟವನ್ನು ನಡುವೆ ಇಟ್ಟುಕೊಂಡು ಸುತ್ತ ಒಂದು ಕಿಲೋಮೀಟರ್ ನಡೆಯಿರಿ. ಮನೆಯ ಹಿರಿಯರು ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ನಾನು ಅಪ್ಪಯ್ಯನನ್ನು ಕರೆದುಕೊಂಡು ಹೋಗಿದ್ದೆ. ನನಗೆ ಕಂಡದ್ದು ಹಸಿರು, ಅವರಿಗೆ ಕಂಡದ್ದು ಇಲ್ಲದೇ ಹೋದ ಮರಗಳು. “ಇಲ್ಲೊಂದು ಹೆಬ್ಬಲಸು ಇತ್ತು, ಅಲ್ಲೊಂದು ಗೋಳಿ ಇತ್ತು, ಆ ದರೆಯ ಮೇಲಿನ ಮತ್ತಿಯಲ್ಲಿ ಪ್ರತಿವರ್ಷ ತುಡುವೆ ಕಟ್ಟುತ್ತಿತ್ತು” ಅಂತ ತೋರಿಸುತ್ತಾ ನಡೆದರು.

ಮೂರು ಸಂಗತಿ ನೋಡಬೇಕು.

ಮೊದಲನೆಯದು ಮನೆ. ತುಡುವೆ ಗೂಡು ಕಟ್ಟುವುದು ಮರದ ಪೊಟರೆಯಲ್ಲಿ, ಬಂಡೆಯ ಸಂದಿಯಲ್ಲಿ, ಹಳೆ ಹುತ್ತದಲ್ಲಿ. ಮಿಸರಿಗೂ ಸಂದಿ, ಪೊಟರೆಯೇ ಬೇಕು. ಪೊಟರೆ ಆಗಲು ಮರ ಹಳೆಯದಾಗಬೇಕು. ಕೊಂಬೆ ಮುರಿಯಬೇಕು, ಗಾಯ ಕೊಳೆಯಬೇಕು, ಮರಕುಟಿಗ ಕೊರೆಯಬೇಕು. ಹತ್ತಾರು ವರ್ಷದ ಕೆಲಸ ಅದು. ನಮ್ಮ ಬೆಟ್ಟದಲ್ಲಿ ನಾನು ನಡೆದ ದಾರಿಯಲ್ಲಿ ಪೊಟರೆ ಇರುವ ಮರ ಎರಡೇ ಸಿಕ್ಕವು. ಒಣಗಿ ನಿಂತ ಮರ ಒಂದೂ ಇಲ್ಲ. ಎಲ್ಲ ಕಟ್ಟಿಗೆಯಾಗಿ ನಮ್ಮದೇ ಬಚ್ಚಲೊಲೆಗೆ ಹೋಗಿತ್ತು.

ಬೆಟ್ಟದ ಮೇಲ್ಭಾಗ ಪೂರ್ತಿ ಅಕೇಶಿಯಾ. ಆಸ್ಟ್ರೇಲಿಯಾ, ಪಪುವಾ ನ್ಯೂಗಿನಿ ಕಡೆಯ ಈ ಮರವನ್ನು 1980ರ ದಶಕದಿಂದ ಈಚೆಗೆ ಕಾಗದದ ಮರಕ್ಕೆ, ಸೌದೆಗೆ, ಬೋಳು ಗುಡ್ಡ ಹಸಿರು ಮಾಡಲಿಕ್ಕೆ ಅಂತ ನಮ್ಮ ಜಿಲ್ಲೆಯಲ್ಲಿ ಗುಡ್ಡಗಟ್ಟಲೆ ನೆಟ್ಟರು. ದೂರದಿಂದ ನೋಡಿದರೆ ಕಾಡು. ಆದರೆ ಎಲ್ಲವೂ ಒಂದೇ ವಯಸ್ಸು, ಒಂದೇ ಜಾತಿ, ಮತ್ತೆ ಪೊಟರೆ ಆಗುವ ಮೊದಲೇ ಕಡಿಯುವ ಲೆಕ್ಕ. ಮನೆಯೇ ಇಲ್ಲದ ಊರು ಅದು.

ಎರಡನೆಯದು ಊಟ. ಇಲ್ಲಿ ಸ್ವಲ್ಪ ತಾಳ್ಮೆ ಬೇಕು, ಯಾಕೆಂದರೆ ಇದನ್ನು ಒಂದು ದಿನದಲ್ಲಿ ನೋಡಲಾಗದು. ಗೋಡೆಯ ಕ್ಯಾಲೆಂಡರ್‌ನಲ್ಲಿ ಪ್ರತಿ ತಿಂಗಳು, ಆ ಒಂದು ಕಿಲೋಮೀಟರ್ ಒಳಗೆ ಏನೇನು ಹೂಬಿಟ್ಟಿದೆ ಅಂತ ಬರೆಯುತ್ತಾ ಹೋಗಿ. ಒಳ್ಳೆ ಕಾಡಿನ ಪಕ್ಕ ಪಟ್ಟಿ ಹೀಗಿರುತ್ತದೆ: ಜನವರಿ, ಫೆಬ್ರವರಿಗೆ ಬೂರುಗ, ಮುತ್ತುಗ, ಹಾಲುವಾಣ. ಮಾರ್ಚ್, ಏಪ್ರಿಲ್‌ಗೆ ನೇರಳೆ, ಹೊಂಗೆ, ತಾರೆ. ಮೇ ತಿಂಗಳಿಗೆ ನಂದಿ, ಅದರ ಹಿಂದೆಯೇ ಮತ್ತಿ. ಮಳೆಯ ನಡುವೆ ಕರ್ಣಕುಂಡಲ, ಮುಟ್ಟಿದರೆ ಮುನಿ, ತುಂಬೆ. ಮಳೆ ಇಳಿಯುವಾಗ ಹೊನ್ನೆ, ಆಮೇಲೆ ಅಂಟುವಾಳ. ಕೆಲವು ವರ್ಷಕ್ಕೊಮ್ಮೆ ಗುರಿಗೆ ಅನ್ನುವ ಗಿಡ ಅರಳಿದರೆ ಜೇನಿಗೆ ಹಬ್ಬ.

ನನ್ನ ಕ್ಯಾಲೆಂಡರಿನಲ್ಲಿ ಬೇಸಿಗೆಯ ತಿಂಗಳು ಪರವಾಗಿಲ್ಲ ಅನ್ನುವಂತಿತ್ತು. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಖಾಲಿ. ಏಲಕ್ಕಿ ಬಿಟ್ಟರೆ ಬೇರೆ ಏನೂ ಇಲ್ಲ. ಜೇನಿನ ಕುಟುಂಬ ಒಂದೇ ಬೆಳೆಯ ಮೇಲೆ ಬದುಕುವುದಿಲ್ಲ. ಏಲಕ್ಕಿ ಹೂ ಶುರುವಾಗುವ ಮೊದಲಿನ ಎರಡು ತಿಂಗಳು, ಮುಗಿದ ಮೇಲಿನ ಎರಡು ತಿಂಗಳು ಅದಕ್ಕೆ ಊಟ ಬೇಕು. ಅಕೇಶಿಯಾ ಹೂವು ಹಳದಿಯಾಗಿ ತುಂಬಾ ಬಿಡುತ್ತದೆ, ಜೇನು ಅದರಿಂದ ಪರಾಗ ತರುವುದೂ ಉಂಟು. ಆದರೆ ಹೂವಿನಲ್ಲಿ ಮಕರಂದ ಇರುವುದಿಲ್ಲ. ಗುಡ್ಡ ತುಂಬ ಹೂವಿದ್ದರೂ ತುಪ್ಪ ಇಲ್ಲ.

ಮೂರನೆಯದು ನೆಲ. ನಾವು ದರಗು (ಒಣ ಎಲೆ) ಗುಡಿಸುವ ರೀತಿ ನೋಡಿ. ಮೊದಲು ಕೈಯಲ್ಲಿ ಗೋರಿ ತರುತ್ತಿದ್ದೆವು, ಅಷ್ಟಿಷ್ಟು ಉಳಿಯುತ್ತಿತ್ತು. ಈಗ ಜೀಪಿನಲ್ಲಿ ಬಂದು ಮಣ್ಣು ಕಾಣುವ ಹಾಗೆ ಗುಡಿಸುತ್ತಾರೆ. ಕಾಡುದುಂಬಿಗಳಲ್ಲಿ ಎಷ್ಟೋ ಜಾತಿ ಮಣ್ಣಿನೊಳಗೇ ಗೂಡು ಮಾಡುತ್ತವೆ. ಬದನೆ, ಟೊಮೆಟೊ ಹೂವನ್ನು ಗುಂಯ್ ಅಂತ ಅಲುಗಾಡಿಸಿ ಪರಾಗ ಉದುರಿಸುವ ನೀಲಿ ಪಟ್ಟಿಯ ದುಂಬಿ ಅಂಥದ್ದು. ಆ ಕೆಲಸ ತುಡುವೆಗೆ ಬರುವುದಿಲ್ಲ. ಬರಿ ನೆಲ ಬಿಸಿಲಿಗೆ ಕಾದು, ಮಳೆಗೆ ಕೊಚ್ಚಿಹೋದರೆ ಅವುಗಳ ಗೂಡೂ ಹೋಯಿತು, ಮೊಳೆತ ಸಸಿಯೂ ಹೋಯಿತು. ಬೇಸಿಗೆಯ ಬೆಂಕಿಯೂ ಇದೇ ಕೆಲಸ ಮಾಡುತ್ತದೆ, ಇನ್ನೂ ಬೇಗ.

ಹಕ್ಕಿಗಳಿಂದ ಖಾತ್ರಿ ಮಾಡಿಕೊಳ್ಳಿ

ಹುಳುವನ್ನು ಎಣಿಸುವುದು ಕಷ್ಟ. ಹಕ್ಕಿಯನ್ನು ಕೂಗಿನಿಂದಲೇ ಲೆಕ್ಕ ಹಾಕಬಹುದು. ಹಕ್ಕಿಗೂ ಜೇನಿಗೂ ಬೇಕಾದದ್ದು ಬಹುಮಟ್ಟಿಗೆ ಒಂದೇ: ಹಳೆ ಮರ, ವರ್ಷವಿಡೀ ಹೂವು ಹಣ್ಣು. ಹಾಗಾಗಿ ಜೇನಿನ ಬಗ್ಗೆ ಬಂದ ತೀರ್ಮಾನ ಸರಿಯೋ ಅಂತ ಹಕ್ಕಿಯಿಂದ ಪರೀಕ್ಷಿಸಬಹುದು.

ಫೆಬ್ರವರಿಯಿಂದ ಮೇವರೆಗೆ ಮಂಗಟ್ಟೆಯ ಕೂಗಿಗೆ ಕಿವಿಗೊಡಿ. ಪಶ್ಚಿಮ ಘಟ್ಟದಲ್ಲಿ ಮಾತ್ರ ಇರುವ ಬೂದು ಮಂಗಟ್ಟೆ ಗಹಗಹಿಸಿ ನಕ್ಕ ಹಾಗೆ ಕೂಗುತ್ತದೆ. ಅದಕ್ಕೆ ಮರ ಕೊರೆಯಲು ಬರುವುದಿಲ್ಲ, ಇರುವ ಪೊಟರೆಯೇ ಬೇಕು. ಹೆಣ್ಣು ಒಳಗೆ ಕೂತು ಬಾಗಿಲು ಮೆತ್ತಿಕೊಂಡರೆ ಗಂಡು ಒಂದು ಸೀಳಿನಿಂದ ಅತ್ತಿ, ಗೋಳಿ, ರಾಮಪತ್ರೆಯಂಥ ಹಣ್ಣು ತಂದುಕೊಡುತ್ತದೆ. ಆ ಕಾಲದಲ್ಲಿ ನಿಮ್ಮ ಬೆಟ್ಟದಲ್ಲಿ ಅದರ ಕೂಗು ದಿನವೂ ಕೇಳುತ್ತಿದ್ದರೆ ದೊಡ್ಡ ಪೊಟರೆಯೂ ಹಣ್ಣಿನ ಮರವೂ ಇನ್ನೂ ಇದೆ ಅಂತ ಅರ್ಥ. ಮರಕುಟಿಗ ಇಲ್ಲದಿದ್ದರೆ ಒಣಮರ ಇಲ್ಲ. ದಟ್ಟ ನೆರಳಿನಲ್ಲಿ ಸುಮ್ಮನೆ ಕೂರುವ ಕೆಂಪು ಹೊಟ್ಟೆಯ ಕಾಕರಣೆ ಹಕ್ಕಿ ಕಾಣೆಯಾಗಿದ್ದರೆ ಮರದ ಚಪ್ಪರ ತೆಳುವಾಗಿದೆ.

ಯಾವುದು ಹೊಸದಾಗಿ ಬಂದಿದೆ ಅನ್ನುವುದೂ ಅಷ್ಟೇ ಮುಖ್ಯ. ಅಜ್ಜಯ್ಯ ನವಿಲು ನೋಡಿದ್ದು ಬಯಲುಸೀಮೆಗೆ ಹೋದಾಗ ಮಾತ್ರವಂತೆ. ಈಗ ನಮ್ಮ ಅಂಗಳಕ್ಕೇ ಬರುತ್ತದೆ. ನವಿಲಿಗೆ ತೆರೆದ, ಒಣ ಜಾಗ ಇಷ್ಟ. ಗೊರವಂಕ, ಪಿಕಳಾರ, ಕಾಗೆ ಇವೂ ಮನುಷ್ಯರ ಜೊತೆ, ಕುರುಚಲಲ್ಲಿ ಹೊಂದಿಕೊಂಡು ಬದುಕುತ್ತವೆ. ಹಕ್ಕಿಯ ಗದ್ದಲ ಜಾಸ್ತಿಯಾಗಿದೆ ಅಂತ ಕಾಡು ಚೆನ್ನಾಗಿದೆ ಅಂದುಕೊಳ್ಳಬಾರದು. ಯಾರ ಗದ್ದಲ ಅಂತ ನೋಡಬೇಕು. ಹೆಸರು ಗೊತ್ತಿಲ್ಲದಿದ್ದರೆ ಮರ್ಲಿನ್ ಆ್ಯಪ್‌ನಲ್ಲಿ ಬೆಳಗಿನ ಕೂಗು ರೆಕಾರ್ಡ್ ಮಾಡಿದರೆ ಅದು ಹಕ್ಕಿಯ ಹೆಸರು ಹೇಳುತ್ತದೆ. ಒಂದೆರಡು ಸಲ ತಪ್ಪು ಹೇಳಬಹುದು, ಕಣ್ಣಲ್ಲೂ ನೋಡಿ.

ಕೊನೆಗೆ ಒಂದು ಸಣ್ಣ ಪರೀಕ್ಷೆ. ಅಕೇಶಿಯಾ ತೋಪಿನೊಳಗೆ ಹೋಗಿ ನೆಲ ನೋಡಿ. ನೇರಳೆ, ದಾಲ್ಚಿನ್ನಿ, ಮುರುಗಲು, ಕಾಡುಹಣ್ಣಿನ ಸಸಿಗಳು ತಾವಾಗಿ ಹುಟ್ಟಿದ್ದರೆ ಹಕ್ಕಿ, ಬಾವಲಿ ಇನ್ನೂ ಬೀಜ ತಂದು ಹಾಕುತ್ತಿವೆ. ಕಾಡು ವಾಪಸ್ ಬರಲು ತಯಾರಿದೆ, ನಾವು ಅಡ್ಡಿ ಮಾಡದಿದ್ದರೆ ಸಾಕು. ಬರಿ ದರಗು, ಒಂದು ಸಸಿಯೂ ಇಲ್ಲ ಅಂದರೆ ಒಂದೋ ಬೀಜ ತರುವವರು ಇಲ್ಲ, ಇಲ್ಲವೇ ಗುಡಿಸುವವರು ಬಿಡುತ್ತಿಲ್ಲ. ಹತ್ತು ಹೆಜ್ಜೆ ಉದ್ದಗಲದ ಜಾಗಕ್ಕೆ ಬೇಲಿ ಹಾಕಿ ಒಂದು ಮಳೆಗಾಲ ಬಿಟ್ಟರೆ ಯಾವುದು ಅಂತ ತಿಳಿಯುತ್ತದೆ. ನಮ್ಮಲ್ಲಿ ಬೇಲಿಯೊಳಗೆ ಸಸಿ ಎದ್ದವು. ಹಕ್ಕಿ ಇತ್ತು. ಗುಡಿಸುತ್ತಿದ್ದದ್ದು ನಾವೇ.

ರಿಪೇರಿ

ಈ ವರ್ಷದ ಫಸಲಿಗೆ: ಹೂ ಶುರುವಾಗುವ ಮೊದಲೇ ಎಕರೆಗೆ ಒಂದೆರಡು ತುಡುವೆ ಪೆಟ್ಟಿಗೆ ಇಡಿ. ಊಟ ಇಲ್ಲದ ಜಡಿಮಳೆಯಲ್ಲಿ ಸಕ್ಕರೆ, ನೀರು ಸಮಪ್ರಮಾಣದಲ್ಲಿ ಕರಗಿಸಿ ಸಂಜೆ ಹೊತ್ತು ಪೆಟ್ಟಿಗೆಯ ಒಳಗೇ ಕೊಡಿ. ಹೊರಗಿಟ್ಟರೆ ಇರುವೆ ಬರುತ್ತದೆ, ಬೇರೆ ಜೇನು ಕದಿಯಲು ಬರುತ್ತದೆ. ಮಿಸರಿಯನ್ನು ಬಿದಿರಿನ ಅಂಡೆಯಲ್ಲೋ ಮಡಕೆಯಲ್ಲೋ ಸಾಕಬಹುದು. ಔಷಧಿ ಹೊಡೆಯಲೇಬೇಕಾದರೆ ಹೂ ಬಾಡಿದ ಮೇಲೆ, ಸಂಜೆಗೆ. ಅಗಳಿನ ಬದಿಯ ಕಳೆಯನ್ನು ಒಂದೇ ಸಲ ಸವರಬೇಡಿ. ಅರ್ಧ ಈಗ, ಉಳಿದರ್ಧ ಹೂ ಮುಗಿದ ಮೇಲೆ.

ಪೆಟ್ಟಿಗೆ ಬರೀ ಊರುಗೋಲು. ಸಕ್ಕರೆ ನಿಲ್ಲಿಸಿದ ವರ್ಷ ಜೇನು ಮತ್ತೆ ಹೋಗುತ್ತದೆ. ನಿಜವಾದ ರಿಪೇರಿ ಬೆಟ್ಟದಲ್ಲೇ ಆಗಬೇಕು. ಒಣಮರವನ್ನು ಕಡಿಯದೆ ಬಿಡುವುದು ಎಲ್ಲಕ್ಕಿಂತ ಅಗ್ಗದ ಕೆಲಸ, ಮನೆಯವರನ್ನು ಒಪ್ಪಿಸುವುದು ಮಾತ್ರ ಎಲ್ಲಕ್ಕಿಂತ ಕಷ್ಟ. ಬೆಟ್ಟವನ್ನು ಮೂರು ಪಾಲು ಮಾಡಿ, ವರ್ಷಕ್ಕೆ ಒಂದು ಪಾಲಿನಲ್ಲಿ ದರಗು, ಸೊಪ್ಪು ಏನೂ ತೆಗೆಯಬೇಡಿ. ಅತ್ತಿ, ಗೋಳಿಯ ದಪ್ಪ ಗೂಟ ನೆಟ್ಟರೆ ಚಿಗುರುತ್ತದೆ. ಬೇರೆ ಹಣ್ಣಿಲ್ಲದ ತಿಂಗಳಲ್ಲೂ ಅದರಲ್ಲಿ ಹಣ್ಣಿರುತ್ತದೆ, ಹಣ್ಣು ತಿನ್ನಲು ಬಂದ ಹಕ್ಕಿ ಬೀಜ ಉದುರಿಸಿ ಹೋಗುತ್ತದೆ. ನಿಮ್ಮ ಕ್ಯಾಲೆಂಡರಿನ ಖಾಲಿ ತಿಂಗಳಿಗೆ ಸರಿಹೊಂದುವ ಗಿಡವನ್ನೇ ಹುಡುಕಿ ನೆಡಿ, ಸಿಕ್ಕಿದ್ದನ್ನಲ್ಲ. ಅಕೇಶಿಯಾ ಇದ್ದರೆ ಒಂದೇ ಸಲ ಬೋಳು ಮಾಡಬೇಡಿ. ಅಡಿಯ ಸಸಿ ಎದೆಯೆತ್ತರ ಬರಲಿ, ಆಮೇಲೆ ಸಾಲು ಬಿಟ್ಟು ಸಾಲು ತೆಗೆಯುವುದು ಒಳ್ಳೆಯದು. ಬೆಟ್ಟದಲ್ಲಿ ಮರ ಕಡಿಯುವ ಮೊದಲು ಅರಣ್ಯ ಇಲಾಖೆಯ ಅನುಮತಿ ಬೇಕು, ಅದನ್ನು ಮರೆಯಬೇಡಿ.

ಎಲ್ಲವೂ ರಿಪೇರಿ ಆಗುವಂಥದ್ದಲ್ಲ. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಮುಳುಗಿದ ಶರಾವತಿ ಕಣಿವೆಯ ಕಾಡನ್ನು ಯಾರೂ ವಾಪಸ್ ತರಲಾರರು. ಅದಕ್ಕೇ ಉಳಿದ ಕಾನುಗಳ ಬೆಲೆ ಜಾಸ್ತಿ. ಸೊರಬದ ಕಾನುಗಳ ಬಗ್ಗೆ ಬ್ರಾಂಡಿಸ್ ಮತ್ತು ಗ್ರಾಂಟ್ ಅನ್ನುವ ಇಬ್ಬರು ಅಧಿಕಾರಿಗಳು 1868ರಷ್ಟು ಹಿಂದೆಯೇ ವರದಿ ಬರೆದಿದ್ದರು. ಊರಿನ ಜನ ಮೆಣಸು ಕೊಯ್ದು, ದೇವರನ್ನಿಟ್ಟು ಕಾಪಾಡಿಕೊಂಡು ಬಂದ ತುಂಡುಗಳು ಅವು. ನಿಮ್ಮ ತೋಟದಿಂದ ಒಂದು ಕಿಲೋಮೀಟರ್ ಒಳಗೆ ಅಂಥದ್ದೊಂದು ಇದ್ದರೆ ಅದರಿಂದ ನಿಮ್ಮ ತೋಟದವರೆಗೆ ಹೂವಿನ ಗಿಡದ ಒಂದು ಸಾಲು ಬೆಳೆಸಿ. ನಾನು ಗೌಡರ ಹತ್ತಿರ ಮಾತಾಡಿ, ನಡುವಿನ ದರೆಯ ಮೇಲೆ ಎರಡು ವರ್ಷದಿಂದ ಹೀಗೆ ನೆಡುತ್ತಾ ಬಂದಿದ್ದೇನೆ.

ಸರಿಯಾಯಿತೇ ಅಂತ ತಿಳಿಯುವುದು ಹೇಗೆ

ಪ್ರತಿವರ್ಷ ಅದೇ ವಾರ, ಅದೇ ಬುಡದ ಎದುರು ಹತ್ತು ನಿಮಿಷ ಕೂರಿ. ಅದೇ ಮೂರು ಬಣ್ಣದ ದಾರ ಕಟ್ಟಿ. ಕೆಂಪಿಗೂ ಬಿಳಿಗೂ ಇರುವ ಅಂತರ ಕಡಿಮೆಯಾಗುತ್ತಾ ಬಂದರೆ ದಾರಿ ಸರಿ ಇದೆ. ಒಂದು ವರ್ಷದ ಲೆಕ್ಕವನ್ನು ನಂಬಬೇಡಿ, ಮಳೆ ಒಂದೊಂದು ವರ್ಷ ಒಂದೊಂದು ರೀತಿ. ಮೂರು ವರ್ಷದ್ದು ಬೇಕು. ನೋಡುವಾಗ ಪೆಟ್ಟಿಗೆಯ ಜೇನೋ ಕಾಡಿನದ್ದೋ ಅನ್ನುವ ಗೊಂದಲ ಬರುತ್ತದೆ. ಅದಕ್ಕೆ ಮಿಸರಿ, ಒಂಟಿ ದುಂಬಿಗಳನ್ನು ಬೇರೆ ಸಾಲಿನಲ್ಲಿ ಬರೆಯಿರಿ. ಅವು ಹೆಚ್ಚಿದರೆ ಅದು ಬೆಟ್ಟದ ಕೊಡುಗೆ.

ನನ್ನ ಪುಸ್ತಕದಲ್ಲಿ ಈಗ ಎರಡು ವರ್ಷದ ಲೆಕ್ಕ ಇದೆ. ಬಿಳಿ ದಾರದ ಕಾಯಿ ಇನ್ನೂ ಕೆಂಪಿನ ಅರ್ಧಕ್ಕೆ ಬಂದಿಲ್ಲ. ಆದರೆ ಹೋದ ಆಗಸ್ಟ್‌ನಲ್ಲಿ, ಮಳೆ ಬಿಟ್ಟ ಒಂದು ಬೆಳಗ್ಗೆ, ಪೆಟ್ಟಿಗೆಯಿಂದ ದೂರದ ಮೂಲೆಯ ಬುಡದಲ್ಲಿ ನಾಲ್ಕು ಮಿಸರಿ ಎಣಿಸಿದೆ. ಅವು ಹೋದ ದಿಕ್ಕು ಹಿಡಿದು ಹತ್ತಿದೆ. ನಾವು ಕಡಿಯದೆ ಬಿಟ್ಟಿದ್ದ ಒಣ ಮತ್ತಿಯ ಬುಡದಲ್ಲಿ, ಮಿಸರಿ ಗೂಡಿನ ಸಣ್ಣ ಮೇಣದ ಕೊಳವೆಯ ಬಾಯಿ ಇತ್ತು.